ಯಾವ ಜಾಗದ ಪಂಜುರ್ಲಿ?

ಬರೆಯದೆ ಮೂರು ತಿಂಗಳಾಯ್ತು. ಆಫೀಸಿನ ಕೆಲಸ ಅಂತ ಹೇಳಿದರೆ ಸುಳ್ಳಾಗ್ತದೆ. ಈ ಒಂದು ವಿಷಯ ಬರೆದರೆ ನನ್ನ ಭಾವನಿಗೆ ಸಿಟ್ಟು ಬರ್ತದೆ, ಬರೆಯದಿದ್ದರೆ ಬೇರೆ ಏನೂ ಬರೆಯಲಿಕ್ಕೆ ಕೈ ಓಡುದಿಲ್ಲ. ಹಾಗೇ ದಿನ ದೂಡಿದೆ. ಬರೆಯುವ ಮೊದಲೇ ಅವನಿಗೆ ಸಿಟ್ಟು ಬಂದು ಆಗಿದೆ ಅಂತ ಮೊನ್ನೆ ಗೊತ್ತಾಯ್ತು. ಇನ್ನು ನನಗೆಂತ ಹೆದರಿಕೆ :-)

ವಿಷಯ ಇಷ್ಟೇ. ನಮ್ಮ ತುಳುನಾಡಿನ ದೈವಗಳನ್ನು ಕಾರ್ಡ್ ಗೇಮಿನ ಕ್ರೀಚರ್‌ಗಳಾಗಿ ಮಾಡಿ ಡೆಕ್ ಕಟ್ಟಬಾರದು. "ಓ, ಇವನೂ ಭಾವನೆಗೆ ಧಕ್ಕೆ ಪಾರ್ಟಿಗೆ ಸೇರಿದ" ಅಂತ ಕೂಡಲೇ ಪುಟ ಮುಚ್ಚಬೇಡಿ. ನನಗೆ ಆ ಪಾರ್ಟಿ ಕಂಡರೆ ಆಗುದಿಲ್ಲ. ಯಾರಾದರೂ ಇಂಥ ಡೆಕ್ ಕಟ್ಟಿದರೆ ಪೊಲೀಸ್ ಕಂಪ್ಲೇಂಟ್ ಕೊಡಬೇಕು, ಅಂಗಡಿಗೆ ನುಗ್ಗಬೇಕು ಅಂತ ನಾನು ಹೇಳುವವನಲ್ಲ. ನಾನು ಹೇಳುವುದು ಆಟ ಆಡುವವನಾಗಿ, ಡೆಕ್ ಕಟ್ಟುವವನಾಗಿ. ಮತ್ತೆ ಇನ್ನೊಂದು... ಅಂಥ ಡೆಕ್ ಮೊದಲು ಕಟ್ಟಿದವ ನಾನೇ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೇನೆ. ಗೊತ್ತಿದ್ದವರು ಎರಡು ಪ್ಯಾರಾ ಹಾರಿಸಿ.

ಮ್ಯಾಜಿಕ್: ದಿ ಗ್ಯಾದರಿಂಗ್ ಅಂತ ಆಟದ ಹೆಸರು. ರಿಚರ್ಡ್ ಗಾರ್ಫೀಲ್ಡ್ ಎನ್ನುವ ಗಣಿತದ ಮೇಷ್ಟ್ರು ಮಾಡಿದ್ದು, ವಿಝಾರ್ಡ್ಸ್ ಆಫ್ ದಿ ಕೋಸ್ಟ್ ಕಂಪೆನಿ 1993ರಲ್ಲಿ ಹೊರತಂದದ್ದು. ಇಸ್ಪೀಟಿನ ಹಾಗೆ ಎಲ್ಲರಿಗೂ ಒಂದೇ ಕಟ್ಟು ಅಲ್ಲ. ಸಾವಿರಾರು ಕಾರ್ಡುಗಳಲ್ಲಿ ಬೇಕಾದ್ದನ್ನು ಆರಿಸಿ ನಮ್ಮ ನಮ್ಮ ಕಟ್ಟು ನಾವೇ ಮಾಡಿಕೊಂಡು ಬರಬೇಕು. ನಾವು ಆಡುವುದು ಅದರಲ್ಲಿ ಕಮಾಂಡರ್ ಎನ್ನುವ ಬಗೆ. ಸಾಮಾನ್ಯವಾಗಿ ನಾಲ್ಕು ಜನ, ಒಬ್ಬೊಬ್ಬರಿಗೆ 40 ಜೀವ, ಸರಿಯಾಗಿ 100 ಕಾರ್ಡು. ಬೇಸಿಕ್ ಲ್ಯಾಂಡ್ ಬಿಟ್ಟರೆ ಯಾವ ಕಾರ್ಡೂ ಎರಡು ಇರಬಾರದು. ನೂರರಲ್ಲಿ ಒಂದು ಕಾರ್ಡು ನಾಯಕ, ಅದೇ ಕಮಾಂಡರ್. ಅವನ ಬಣ್ಣಕ್ಕೆ ಹೊಂದುವ ಕಾರ್ಡು ಮಾತ್ರ ಉಳಿದ 99ರಲ್ಲಿ ಇರಬೇಕು. ಅವನು ಸತ್ತರೆ ಪರವಾಗಿಲ್ಲ, ಎರಡು ಮಾನಾ ಜಾಸ್ತಿ ಕೊಟ್ಟು ಮತ್ತೆ ಕರೆಸಬಹುದು. ಮತ್ತೊಮ್ಮೆ ಸತ್ತರೆ ನಾಲ್ಕು ಜಾಸ್ತಿ. ಹೀಗೇ ಏರ್ತಾ ಹೋಗ್ತದೆ.

ಇದರಲ್ಲಿ ಒಂದೇ ಜಾತಿಯ ಪ್ರಾಣಿಗಳನ್ನು ಒಟ್ಟು ಹಾಕಿ ಡೆಕ್ ಕಟ್ಟುವ ಚಟ ಆಟದಷ್ಟೇ ಹಳೆಯದು. 1993ರ ಮೊದಲನೇ ಸೆಟ್ಟಿನಲ್ಲೇ ಗಾಬ್ಲಿನ್ ಕಿಂಗ್ ಅಂತ ಒಂದು ಕಾರ್ಡಿತ್ತು. ಅವನು ಬಂದರೆ ಉಳಿದ ಗಾಬ್ಲಿನ್‌ಗಳಿಗೆಲ್ಲ ಬಲ ಹೆಚ್ಚುತ್ತದೆ. ಅಂದರೆ ಒಂದೇ ಕುಲದವರು ಒಟ್ಟಿಗಿದ್ದರೆ ಲಾಭ. ಆಮೇಲೆ ಎಲ್ಫ್, ಝಾಂಬಿ, ವ್ಯಾಂಪೈರ್, ಡ್ರ್ಯಾಗನ್, ಬೆಕ್ಕು... ಎಲ್ಲದಕ್ಕೂ ಡೆಕ್ ಬಂತು. 2017ರಲ್ಲಿ ಕಂಪೆನಿಯೇ ಡ್ರ್ಯಾಗನ್, ಬೆಕ್ಕು, ವ್ಯಾಂಪೈರ್, ಮಾಂತ್ರಿಕ ಅಂತ ನಾಲ್ಕು ರೆಡಿಮೇಡ್ ಕಮಾಂಡರ್ ಡೆಕ್ ಮಾಡಿ ಮಾರಿತು. ನೂರು ಕಾರ್ಡಿನಲ್ಲಿ 37ರಷ್ಟು ಲ್ಯಾಂಡಿಗೆ ಹೋಗ್ತದೆ. ಮಾನಾ ಬೇಗ ಕೂಡಿಸಲಿಕ್ಕೆ ಒಂದು ಹತ್ತು, ಕಾರ್ಡ್ ಎಳೆಯಲಿಕ್ಕೆ ಹತ್ತು, ಎದುರಾಳಿಯದ್ದನ್ನು ತೆಗೆಯಲಿಕ್ಕೆ ಹತ್ತು. ಉಳಿದ ಮೂವತ್ತು ಚಿಲ್ಲರೆ ಜಾಗದಲ್ಲಿ ನಿಮ್ಮ ಪ್ರಾಣಿ. ಆ ಮೂವತ್ತರಲ್ಲಿ ನಿಮ್ಮ ಮನಸ್ಸು ಎಂಥದ್ದು ಅಂತ ಕಾಣ್ತದೆ.

ನಾವು ನಾಲ್ಕು ಜನ. ನಾನು ಬಂಟ್ವಾಳದವ. ತಂಗಿ, ಅವಳದ್ದು ಕಪ್ಪು-ಕೆಂಪು ಗಾಬ್ಲಿನ್. ಮೂಡಬಿದ್ರೆಯ ಒಬ್ಬ ಗೆಳೆಯ, ಇಂಜಿನಿಯರಿಂಗ್‌ನಲ್ಲಿ ನನ್ನ ಕ್ಲಾಸ್‌ಮೇಟ್, ಅವನದ್ದು ಡ್ರ್ಯಾಗನ್. ಮತ್ತೆ ಬೆಳ್ತಂಗಡಿಯ ಭಾವ, ನನ್ನ ಸೋದರಮಾವನ ಮಗ. ಮದುವೆ ಆಲ್ಬಮ್ ಡಿಸೈನ್ ಮಾಡ್ತಾನೆ. ಫೋಟೋಶಾಪ್‌ನಲ್ಲಿ ಅವನ ಕೈ ಹಿಡಿಯುವವರು ಇಲ್ಲ. ವರ್ಷಕ್ಕೆ ಮೂರು-ನಾಲ್ಕು ಸಲ, ದೀಪಾವಳಿಗೋ ಚೌತಿಗೋ ಎಲ್ಲರಿಗೂ ರಜೆ ಸಿಕ್ಕಿದಾಗ, ನಮ್ಮ ಮನೆಯ ಚಾವಡಿಯಲ್ಲಿ ಚಾಪೆ ಹಾಕಿ ಆಟ. ಟೋಕನ್‌ಗೆ ಅಜ್ಜಿಯ ಚೆನ್ನೆಮಣೆಯ ಮಂಜೊಟ್ಟಿ ಕಾಯಿ. ಒಂದು ಕಾಯಿ ಕಳೆದರೂ ಅಜ್ಜಿ ಬಿಡುದಿಲ್ಲ, ಲೆಕ್ಕ ಮಾಡಿ ವಾಪಸ್ ಕೊಡಬೇಕು.

2022ರ ಸೆಪ್ಟೆಂಬರ್ ಕೊನೆಗೆ ಕಾಂತಾರ ಬಂತಲ್ಲ. ಬೆಂಗಳೂರಿನ ನನ್ನ ಆಫೀಸಿನಲ್ಲಿ ಅಲ್ಲಿಯವರೆಗೆ ಬಂಟ್ವಾಳ ಎಲ್ಲಿದೆ ಅಂತ ಗೊತ್ತಿಲ್ಲದವರು ಕೂಡ "ಪಂಜುರ್ಲಿ ಅಂದ್ರೆ ಎಂತದು" ಅಂತ ಕೇಳಲಿಕ್ಕೆ ಶುರು ಮಾಡಿದರು. ನನಗೂ ಎದೆ ಉಬ್ಬಿತು. ಸುಳ್ಳು ಯಾಕೆ ಹೇಳುದು. 2023ರ ಫೆಬ್ರವರಿಯಲ್ಲಿ ನಮ್ಮ ಕುಟುಂಬದ ಮನೆಯಲ್ಲಿ ಕೋಲ. ಅರದಾಳ ಹಚ್ಚಿ ಮುಖದ ಮೇಲೆ ಬರೆಯುವುದರಿಂದ ಹಿಡಿದು, ತಿರಿ ಕಟ್ಟುವುದು, ಅಣಿ ಏರಿಸುವುದರವರೆಗೆ ಮೊಬೈಲಿನಲ್ಲಿ ಒಂದು ನೂರು ಫೋಟೋ ತೆಗೆದೆ. ಅದರಲ್ಲಿ ಒಂದು ಫೋಟೋ ಎಷ್ಟು ಚೆಂದ ಬಂದಿತ್ತು ಅಂದರೆ, ಅದನ್ನು ಕಾರ್ಡ್ ಮಾಡದಿದ್ದರೆ ಪಾಪ ಅಂತ ನನಗೇ ಅನಿಸಿತು.

ಮ್ಯಾಜಿಕ್‌ನಲ್ಲಿ ಹಂದಿ ಒಂದು ಅಧಿಕೃತ ಕ್ರೀಚರ್ ಜಾತಿ. ಆದರೆ ಬಡ ಜಾತಿ. ಡ್ರ್ಯಾಗನ್‌ಗೆ ಇದ್ದ ಹಾಗೆ ನೂರಾರು ಒಳ್ಳೆಯ ಕಾರ್ಡು ಇಲ್ಲ. ಮೂವತ್ತು ಜಾಗ ತುಂಬಿಸಬೇಕಾದರೆ ಚೇಂಜ್ಲಿಂಗ್‌ಗಳನ್ನು ಸೇರಿಸಬೇಕು. 2007ರ ಲೋರ್ವಿನ್ ಸೆಟ್ಟಿನಲ್ಲಿ ಬಂದ ಬಗೆ ಅದು, ಎಲ್ಲ ಜಾತಿಗೂ ಸೇರಿದ ಪ್ರಾಣಿ. (ನಮ್ಮ ಕೆಲವು ರಾಜಕಾರಣಿಗಳ ಹಾಗೆ.) ಆದರೆ ನಾಯಕ ಭರ್ಜರಿಯವ ಉಂಟು. ಇಲ್ಹಾರ್ಗ್ ದಿ ರೇಝ್-ಬೋರ್, 2019ರ ಕಾರ್ಡ್, ಕೆಂಪು-ಹಸಿರು, ಆರಕ್ಕೆ ಆರು. ಅದರ ಜಾತಿಯ ಸಾಲಿನಲ್ಲಿ ಏನು ಬರೆದಿದೆ ಗೊತ್ತಾ? ಹಂದಿ, ದೇವರು. ಹಂದಿ ದೇವರು! ಇದನ್ನು ನೋಡಿದ ಮೇಲೆ ಬಂಟ್ವಾಳದವ ಸುಮ್ಮನೆ ಕೂರುವುದು ಹೇಗೆ?

ಭಾವನಿಗೆ ಫೋಟೋ ಕಳಿಸಿದೆ. ಎರಡು ರಾತ್ರಿಯಲ್ಲಿ ಹನ್ನೆರಡು ಕಾರ್ಡ್ ತಯಾರು. ಪಂಜುರ್ಲಿ ಕಮಾಂಡರ್. ಒಳಗೆ ಪಿಲಿಚಾಮುಂಡಿ, ಮೈಸಂದಾಯ, ನಂದಿಗೋಣ... ಹುಲಿ, ಕೋಣ, ಹೋರಿ. ಕಲರ್ ಪ್ರಿಂಟ್ ತೆಗೆದು ಅಸಲಿ ಕಾರ್ಡಿನ ಮೇಲಿಟ್ಟು ಸ್ಲೀವ್‌ಗೆ ಹಾಕಿದೆವು. ಇದಕ್ಕೆ ಪ್ರಾಕ್ಸಿ ಅಂತಾರೆ, ಮನೆಯಲ್ಲಿ ಆಡುವವರು ಎಲ್ಲ ಮಾಡುವುದೇ. ನೋಡಲಿಕ್ಕೆ ಹೇಗಿತ್ತು ಅಂದರೆ, ಆ ಪ್ರಿಂಟ್ ಕೈಯಲ್ಲಿ ಹಿಡಿದು ನಾನು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ.

ಆ ವರ್ಷದ ದೀಪಾವಳಿ. ಚಾವಡಿಯಲ್ಲಿ ಆಟ, ಅಜ್ಜಿ ಬದಿಯಲ್ಲಿ ಕೂತು ಎಲೆಯಡಿಕೆ ಹಾಕ್ತಾ ಇದ್ದರು. ನನ್ನ ಪಂಜುರ್ಲಿ ಒಂದೇ ಸುತ್ತಿನಲ್ಲಿ ಡ್ರ್ಯಾಗನ್‌ನವನ ಅರ್ಧ ಜೀವ ತೆಗೆದಿತ್ತು. ತಂಗಿಯ ಸರದಿ ಬಂತು. ಅವಳು ಆಕ್ಟ್ ಆಫ್ ಟ್ರೀಸನ್ ಹಾಕಿದಳು. ಒಂದು ಸುತ್ತಿನ ಮಟ್ಟಿಗೆ ಬೇರೆಯವರ ಪ್ರಾಣಿಯನ್ನು ತನ್ನದು ಮಾಡಿಕೊಳ್ಳುವ ಕಾರ್ಡ್. ನನ್ನ ಪಂಜುರ್ಲಿಯನ್ನು ತಗೊಂಡಳು, ಅದರಲ್ಲೇ ನನಗೆ ಹೊಡೆದಳು. ಸುತ್ತು ಮುಗಿಯುವ ಮೊದಲು ವಾಪಸ್ ಕೊಡಬೇಕಲ್ಲ, ಕೊಡುವುದು ಯಾಕೆ ಅಂತ ವಿಲೇಜ್ ರೈಟ್ಸ್ ಹಾಕಿದಳು. ಒಂದು ಪ್ರಾಣಿಯನ್ನು ಬಲಿಕೊಟ್ಟು ಎರಡು ಕಾರ್ಡ್ ಎಳೆಯುವುದು. ಕಾರ್ಡಿನ ಹೆಸರಿನ ಅರ್ಥ "ಊರಿನ ವಿಧಿಗಳು" ಅಂತ, ಇದು ನಾನು ಕಟ್ಟಿದ ಕತೆ ಅಲ್ಲ.

"ಅಣ್ಣ, ನಿನ್ನ ಪಂಜುರ್ಲಿಯನ್ನು ಬಲಿ ಕೊಟ್ಟೆ. ಎರಡು ಕಾರ್ಡ್."

ಅಜ್ಜಿ ತಲೆ ಎತ್ತಿದರು. "ಯಾರನ್ನು ಕೊಟ್ಟದ್ದು?"

"ಇದು ಆಟ ಅಜ್ಜಿ. ಕಾರ್ಡಿನಲ್ಲಿ."

"ದೈವಕ್ಕೆ ಕೊಡುದು ಕೇಳಿದ್ದೇನೆ. ದೈವವನ್ನೇ ಕೊಡುದು?" ಬೈಯ್ಯಲಿಲ್ಲ. ನಿಜವಾಗಿ ಅರ್ಥ ಆಗದೆ ಕೇಳಿದ್ದು. ಆಮೇಲೆ ಕಾರ್ಡಿಗೆ ಕೈ ಚಾಚಿದರು. ಕನ್ನಡಕ ಏರಿಸಿ ನೋಡಿ ಎರಡನೇ ಪ್ರಶ್ನೆ ಕೇಳಿದರು. "ಯಾವ ಜಾಗದ ಪಂಜುರ್ಲಿ ಇದು?"

ನಾಲ್ಕು ಜನ ಕೂತಿದ್ದೇವೆ, ಅದರಲ್ಲಿ ಇಬ್ಬರು ಇಂಜಿನಿಯರ್. ಒಬ್ಬರ ಬಾಯಲ್ಲೂ ಉತ್ತರ ಇಲ್ಲ. ಅಜ್ಜಿ ಕಾರ್ಡನ್ನು ಇನ್ನಷ್ಟು ಹತ್ತಿರ ಹಿಡಿದು, ಬಣ್ಣದ ಅಡಿಯ ಮುಖದ ಗುರುತು ಹಿಡಿದು, ಕಟ್ಟಿದವರ ಹೆಸರು ಹೇಳಿದರು. ಅವರ ಅಪ್ಪನ ಹೆಸರೂ ಹೇಳಿದರು. ಅಪ್ಪ ಕಟ್ಟುವಾಗ ಗಗ್ಗರದ ಶಬ್ದ ಹೇಗಿರ್ತಿತ್ತು ಅಂತಲೂ ಹೇಳಿದರು. ನೂರು ಫೋಟೋ ತೆಗೆದ ನನಗೆ ಆ ಮನುಷ್ಯನ ಹೆಸರು ಅವತ್ತಿನವರೆಗೆ ಗೊತ್ತಿರಲಿಲ್ಲ.

ಆಟ ಮುಂದುವರಿಯಿತು. ತಂಗಿ ಗೆದ್ದಳು. ನಾನು ಆ ಡೆಕ್ ಮತ್ತೆ ಹೊರಗೆ ತೆಗೆಯಲಿಲ್ಲ. ಯಾಕೆ ಅಂತ ಯಾರಿಗೂ ಹೇಳಲೂ ಇಲ್ಲ, ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಸುಮ್ಮನೆ ಬಿಟ್ಟದ್ದೇ ತಪ್ಪಾಯ್ತು. 2025ರ ಅಕ್ಟೋಬರ್ 2ಕ್ಕೆ ಕಾಂತಾರದ ಮುಂದಿನ ಭಾಗ ಬಂತು. ದೀಪಾವಳಿಗೆ ಭಾವ ಪೂರಾ ಪ್ಲಾನ್ ಹಿಡಿದುಕೊಂಡು ಬಂದ. ಮ್ಯಾಜಿಕ್ ಅಲ್ಲ, ನಮ್ಮದೇ ಆಟ. ದೈವಗಳೇ ಕ್ರೀಚರ್‌ಗಳು. ಪಂಜುರ್ಲಿ ಡೆಕ್, ಗುಳಿಗ ಡೆಕ್, ಚಾಮುಂಡಿ ಡೆಕ್. ಇನ್ನೂರು ಸೆಟ್ ಪ್ರಿಂಟ್ ಹಾಕಿಸುವುದು, ಆನ್‌ಲೈನಿನಲ್ಲಿ ಮಾರುವುದು. ಪ್ರೆಸ್ಸಿನವನಿಗೆ ಅಡ್ವಾನ್ಸ್ ಕೊಟ್ಟು ಆಗಿತ್ತು. ನನ್ನ ಕೆಲಸ ರೂಲ್ಸ್ ಬರೆಯುವುದು. ನಾನು ಆಗುದಿಲ್ಲ ಅಂದೆ. "ಎಂತ ಭಾವ, ಶುರು ಮಾಡಿದ್ದೇ ನೀನು. ಈಗ ಮಡಿವಂತ ಆದದ್ದಾ?" ಅಂತ ಕೇಳಿದ. ಕೇಳಬೇಕಾದ ಮಾತೇ. ಅವತ್ತು ಸರಿಯಾಗಿ ಉತ್ತರ ಕೊಡಲಿಕ್ಕೆ ಆಗಲಿಲ್ಲ, ಈಗ ಕೊಡ್ತೇನೆ.

ಮೊದಲು ಆಟಗಾರನ ಮಾತು. ಒಂದು ಕ್ರೀಚರ್ ಡೆಕ್ ಒಳ್ಳೆಯದು ಅಂತ ಯಾವಾಗ ಹೇಳ್ತೇವೆ? ಚಿತ್ರ ಚೆಂದ ಇದ್ದರೆ ಅಲ್ಲ. ಆ ಪ್ರಾಣಿಯ ಗುಣ ಆಡುವ ರೀತಿಯಲ್ಲಿ ಕಾಣಬೇಕು. ಗಾಬ್ಲಿನ್‌ಗಳು ಅಗ್ಗ, ಗುಂಪು ಗುಂಪಾಗಿ ಬಂದು ಬೀಳ್ತವೆ, ತಮ್ಮವರನ್ನೇ ಬೆಂಕಿಗೆ ಎಸೀತವೆ. ತಂಗಿಯ ಡೆಕ್ ಬಲಿ ಕೊಡುವ ಡೆಕ್ ಆದದ್ದು ಅದಕ್ಕೇ, ಅದು ಗಾಬ್ಲಿನ್‌ಗಳ ಸ್ವಭಾವ. ಝಾಂಬಿ ಸತ್ತು ಎದ್ದು ಬರ್ತದೆ. ಎಲ್ಫ್ ಕಾಡಿನಿಂದ ಮಾನಾ ಹಿಂಡ್ತದೆ. ಡ್ರ್ಯಾಗನ್ ತಡವಾಗಿ ಬರ್ತದೆ, ಬಂದರೆ ಮುಗೀತು. ಕಣ್ಣು ಮುಚ್ಚಿ ಕಾರ್ಡಿನ ಮಾತು ಮಾತ್ರ ಓದಿ ಹೇಳಿದರೂ ಇದು ಇಂಥ ಪ್ರಾಣಿ ಅಂತ ಗೊತ್ತಾಗಬೇಕು.

ಭಾವ ತಂದ ಕರಡಿನಲ್ಲಿ ಏನಿತ್ತು? ಪಂಜುರ್ಲಿ ಬಂದಾಗ ಎದುರಾಳಿಯ ಒಂದು ಕ್ರೀಚರ್ ನಾಶ. ಗುಳಿಗ ಬಂದಾಗ ಎರಡು ನಾಶ. ಕಣ್ಣು ಮುಚ್ಚಿ ಓದಿ ನೋಡಿ. ಇದು ಪಂಜುರ್ಲಿಯಾ, ಡ್ರ್ಯಾಗನ್ನಾ, ಟ್ಯಾಂಕಾ? ಕೋಲದಲ್ಲಿ ದೈವ ಎಂತ ಮಾಡ್ತದೆ? ಕೇಳ್ತದೆ. ನುಡಿ ಕೊಡ್ತದೆ. ಇಬ್ಬರು ಅಣ್ಣತಮ್ಮಂದಿರ ಗಡಿ ತಕರಾರನ್ನು ಊರೆಲ್ಲ ನೋಡುವ ಹಾಗೆ ತೀರ್ಮಾನ ಮಾಡ್ತದೆ. ಹೇಳಿದ ಮಾತು ನಡೆಸಲಿಲ್ಲ ಯಾಕೆ ಅಂತ ಮನೆಯ ಯಜಮಾನನನ್ನೇ ತರಾಟೆಗೆ ತೆಗೀತದೆ. ಅಳುವವಳಿಗೆ ನಾನಿದ್ದೇನೆ ಅಂತ ಅಭಯ ಕೊಡ್ತದೆ. ಇದಕ್ಕೆ ಕಾರ್ಡ್ ಗೇಮಿನಲ್ಲಿ ಕ್ರಿಯಾಪದ ಇಲ್ಲ. ಇರುವುದು ಹೊಡೆ, ತಡೆ, ನಾಶ ಮಾಡು, ಬಲಿ ಕೊಡು, ಗಡೀಪಾರು ಮಾಡು, ನಕಲು ಮಾಡು. ನಾವು ಮಾಡಿದ್ದು ಡ್ರ್ಯಾಗನ್ನಿನ ಮೇಲೆ ದೈವದ ಸ್ಟಿಕ್ಕರ್ ಅಂಟಿಸುವ ಕೆಲಸ. ಸಾಫ್ಟ್‌ವೇರಿನವರಿಗೆ ಬೇಗ ಅರ್ಥ ಆಗ್ತದೆ, ಬರೀ ಸ್ಕಿನ್ ಬದಲಾವಣೆ. ಒಳಗಿನ ಕೋಡ್ ಅದೇ.

ತಂಗಿ ಒಂದು ಪರಿಹಾರ ಹೇಳಿದಳು, ಅವಳು ಜೋರು. "ಇಲ್ಹಾರ್ಗ್ ಬೇಡ, ಯಶಾರ್ನ್ ಹಾಕು." ಅದೂ ಹಂದಿಯೇ, 2020ರ ಕಾರ್ಡ್, ಹಸಿರು-ಬಿಳಿ. ಅದು ಮೇಜಿನ ಮೇಲೆ ಇರುವಷ್ಟು ಹೊತ್ತು ಮಂತ್ರದ ಖರ್ಚಿಗೆ ಅಂತ ಯಾರೂ ಪ್ರಾಣಿಗಳನ್ನು ಬಲಿ ಕೊಡುವ ಹಾಗಿಲ್ಲ. ಭಾವನಿಗೆ ಖುಷಿಯೋ ಖುಷಿ, ಸಮಸ್ಯೆ ಮುಗೀತಲ್ಲ! ಎಲ್ಲಿ ಮುಗೀತು ಮಾರಾಯ. ಬಲಿ ನಿಂತರೆ ನಾಶ ಉಂಟು, ನಾಶ ನಿಂತರೆ ಗಡೀಪಾರು ಉಂಟು. 2013ರ ಕರ್ಸ್ ಆಫ್ ದಿ ಸ್ವೈನ್ ಅಂತ ಒಂದು ಕಾರ್ಡಿದೆ, ಎದುರಾಳಿಯ ಪ್ರಾಣಿಗಳನ್ನು ಗಡೀಪಾರು ಮಾಡಿ ಬದಲಿಗೆ ಹಂದಿ ಟೋಕನ್ ಕೊಡ್ತದೆ. ನಮ್ಮ ಪ್ರಾಕ್ಸಿಯ ಲೆಕ್ಕದಲ್ಲಿ ಪಂಜುರ್ಲಿ ಆಗುವುದು ಒಂದು ಶಾಪ! ಒಂದೊಂದು ಕಾರ್ಡಿಗೂ ತೇಪೆ ಹಾಕ್ತಾ ಕೂತರೆ ಮೂಲ ಡಿಸೈನೇ ತಪ್ಪು ಅಂತ ಅರ್ಥ.

ಇನ್ನು ಅಜ್ಜಿಯ ಪ್ರಶ್ನೆ. ಕ್ರೀಚರ್ ಡೆಕ್‌ನ ಜೀವಾಳ ಇರುವುದು ಕಾರ್ಡಿನ ನಡುವೆ ಬರುವ ಜಾತಿಯ ಸಾಲಿನಲ್ಲಿ. ಅಲ್ಲಿ ಗಾಬ್ಲಿನ್ ಅಂತ ಇದ್ದರೆ ಅದು ಗಾಬ್ಲಿನ್, ಇನ್ನೊಂದು ಗಾಬ್ಲಿನ್‌ಗೂ ಅದಕ್ಕೂ ಸಂಬಂಧ. ಪಂಜುರ್ಲಿಯ ಜಾತಿಯ ಸಾಲಿನಲ್ಲಿ ಎಂತ ಬರೀತೀರಿ? ಹಂದಿ? ದೇವರು? ಭೂತ? ಇದು ಹೊಸ ತಲೆನೋವಲ್ಲ. 1894ರಿಂದ ಇಂಡಿಯನ್ ಆಂಟಿಕ್ವೆರಿಯಲ್ಲಿ ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು ಅಚ್ಚಾದವಲ್ಲ, ಅದರ ತಲೆಬರಹವೇ "ತುಳುವರ ಡೆವಿಲ್ ಪೂಜೆ" ಎನ್ನುವ ಅರ್ಥದ್ದು. ಬ್ರಿಟಿಷ್ ಅಧಿಕಾರಿಗೆ ತನ್ನ ಭಾಷೆಯ ಪಟ್ಟಿಯಲ್ಲಿ ಸಿಕ್ಕಿದ ಜಾತಿ ಅದು, ಅದನ್ನು ಒತ್ತಿದ. ನಾವು 130 ವರ್ಷ ಅದಕ್ಕೆ ಸಿಟ್ಟು ಮಾಡಿಕೊಂಡು, ಈಗ ನಮ್ಮ ಕೈಯಾರೆ ಡ್ರಾಪ್‌ಡೌನ್ ಪಟ್ಟಿಯಿಂದ ಒಂದು ಜಾತಿ ಆರಿಸಿ ಒತ್ತುವುದು.

ಮತ್ತೆ, ಪಂಜುರ್ಲಿ ಒಂದು ಜಾತಿಯೇ ಅಲ್ಲ. ಧರ್ಮಸ್ಥಳದ ಅಣ್ಣಪ್ಪ ಪಂಜುರ್ಲಿ ಬೇರೆ, ವರ್ತೆ ಪಂಜುರ್ಲಿ ಬೇರೆ, ನಮ್ಮ ಕುಟುಂಬದ್ದು ಬೇರೆ. ಒಂದೊಂದಕ್ಕೂ ಒಂದು ಜಾಗ, ಒಂದು ಸ್ಥಾನ, ಅದು ಅಲ್ಲಿಗೆ ಹೇಗೆ ಬಂತು ಅಂತ ಒಂದು ಪಾಡ್ದನ, ಅದಕ್ಕೆ ಉತ್ತರ ಕೊಡಬೇಕಾದ ಒಂದು ಮನೆ. ಬಂಟ್ವಾಳದ ನಮ್ಮ ಮನೆಯ ದೈವದ ಎದುರು ಬೆಳ್ತಂಗಡಿಯ ಭಾವ ನಿಂತರೆ ಅವನು ನೆಂಟ, ಅಷ್ಟೇ. ಅವನ ಮನೆಯಲ್ಲಿ ನಾನು ನೆಂಟ. ಕಂಪೆನಿ 2023ರಲ್ಲಿ ತನ್ನ "ಟ್ರೈಬಲ್" ಎನ್ನುವ ಕಾರ್ಡ್ ಬಗೆಯ ಹೆಸರನ್ನು "ಕಿಂಡ್ರೆಡ್" ಅಂತ ಬದಲಿಸುವುದಾಗಿ ಹೇಳಿತು. ಕಿಂಡ್ರೆಡ್ ಅಂದರೆ ಬಂಧುಗಳು, ಕುಟುಂಬದವರು. ಆ ಶಬ್ದ ನೋಡಿ ನನಗೆ ನಗು ಬಂತು. ಕುಟುಂಬದ ದೈವಕ್ಕೆ ಬಂಧು ನಾನು. ಇನ್ನೊಂದು ಊರಿನ ದೈವ ಅಲ್ಲ, ಹುಲಿ ಅಲ್ಲ, ಕೋಣ ಅಲ್ಲ. ನಾನು ಅದನ್ನು ಇಪ್ಪತ್ತೊಂಬತ್ತು ಪ್ರಾಣಿಗಳ ಜತೆ ಕಲಸಿ, ಎದುರಿನವನಿಗೆ ಕಟ್ ಮಾಡಲಿಕ್ಕೆ ಕೊಟ್ಟು, "ನನ್ನ ಕಮಾಂಡರ್" ಅಂತ ಕೂತೆ. ಕಮಾಂಡ್ ಮಾಡುವವ ಯಾರು, ಮಾಡಿಸಿಕೊಳ್ಳುವವ ಯಾರು? ಪೂರ್ತಿ ತಲೆಕೆಳಗು.

ಮೂಡಬಿದ್ರೆಯವ ಬುದ್ಧಿವಂತ, ಅವನ ವಾದ ಗಟ್ಟಿ. ಅವನು ಹೇಳಿದ್ದು ಮೈಸೂರು ಗಂಜೀಫಾದ ಕತೆ. ದಶಾವತಾರ ಗಂಜೀಫಾದಲ್ಲಿ 120 ಎಲೆ. ಹತ್ತು ಅವತಾರಕ್ಕೆ ಹತ್ತು ಬಣ್ಣ, ಒಂದೊಂದರಲ್ಲಿ ರಾಜ, ಮಂತ್ರಿ, ಒಂದರಿಂದ ಹತ್ತು. ಮತ್ಸ್ಯ ಉಂಟು, ಕೂರ್ಮ ಉಂಟು, ವರಾಹ ಉಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಎಲೆಯಾಟಗಳನ್ನೇ ಕಟ್ಟಿಸಿದವರು. "ಅರಮನೆಯಲ್ಲಿ ವರಾಹನನ್ನು ಕಲಸಿ ಹಂಚಿ ಆಡಿದ್ದಾರೆ, ಯಾರಿಗೂ ಏನೂ ಆಗಲಿಲ್ಲ. ನಿನ್ನ ಪಂಜುರ್ಲಿಗೆ ಎಂತ ವಿಶೇಷ? ಅದೂ ಹಂದಿಯೇ."

ನಾನು ಇದಕ್ಕೆ ಒಂದು ವಾರ ತಲೆ ಕೆಡಿಸಿಕೊಂಡೆ. ಗಂಜೀಫಾದಲ್ಲಿ ವರಾಹ ಒಂದು ಬಣ್ಣ, ನಮ್ಮ ಇಸ್ಪೀಟಿನ ಆಟಿನ್ ಇದ್ದ ಹಾಗೆ. ಎಲೆ ಇಳಿಸ್ತಾರೆ, ಗೆಲ್ಲುತ್ತಾರೆ. ವರಾಹನಿಗೆ ಏನು ಮಾಡಬೇಕು ಅಂತ ಎಲೆಯ ಮೇಲೆ ಆಜ್ಞೆ ಬರೆದಿಲ್ಲ. ಇನ್ನೂ ಚೆಂದ ಏನೆಂದರೆ ಆ ಆಟದಲ್ಲಿ ಹಗಲಾದರೆ ರಾಮನ ರಾಜ ಇದ್ದವ ಮೊದಲು ಇಳಿಸಬೇಕು, ರಾತ್ರಿಯಾದರೆ ಕೃಷ್ಣನ ರಾಜ ಇದ್ದವ. ಆಟವೇ ದೇವರಿಗೆ ಹೊಂದಿಕೊಂಡಿದೆ. ಮತ್ತೆ ವರಾಹ ಎಲ್ಲರ ಪುರಾಣದ್ದು, ಅವನಿಗೆ ಬಂಟ್ವಾಳ ತಾಲೂಕಿನ ಒಂದು ಮನೆಯ ಚಾವಡಿಯ ಹಂಗು ಇಲ್ಲ. ಅವನ ಕಾರ್ಡ್ ಮಾಡಿ, ನಾನು ಮೊದಲು ಕೊಳ್ತೇನೆ.

ಅದೇ ಮೂಡಬಿದ್ರೆಯವನಿಗೆ ಅವನ ಊರಿನ ಮಾತೇ ಹೇಳಬೇಕು. ಸಾವಿರ ಕಂಬದ ಬಸದಿ 1430ರಲ್ಲಿ ಕಟ್ಟಿದ್ದು. ಅಲ್ಲಿಯ ಅಡಿಗಟ್ಟಿನ ಕೆತ್ತನೆಗಳಲ್ಲಿ ಒಂದು ಜಿರಾಫೆ ಉಂಟು, ಒಂದು ಚೀನಾ ಡ್ರ್ಯಾಗನ್ ಉಂಟು. ಸಮುದ್ರದಾಚೆಯ ವ್ಯಾಪಾರ ತಂದ ಪ್ರಾಣಿಗಳು. ನಾವು ಶಾಲೆಯಿಂದ ಪಿಕ್‌ನಿಕ್ ಹೋದಾಗ ಮೇಷ್ಟ್ರು ತೋರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಹೊರಗಿನದ್ದು ತಗೊಳ್ಳುವುದು ತಪ್ಪು ಅಂತ ನಾನು ಹೇಳಿದರೆ ಆ ಶಿಲ್ಪಿಯೇ ಎದ್ದು ಬಂದು ಉಳಿಯಲ್ಲಿ ಕುಟ್ಟಿಯಾನು. ನಮ್ಮದನ್ನು ಹೊರಗೆ ಕೊಡುವುದೂ ತಪ್ಪಲ್ಲ. ಯಕ್ಷಗಾನದ ಬಣ್ಣದ ವೇಷಗಳಿವೆಯಲ್ಲ, ಮಹಿಷಾಸುರ, ರಾವಣ, ಶೂರ್ಪನಖಿ. ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಮುಖ, ಸಭೆಯ ನಡುವೆ ದೊಂದಿ ಹಿಡಿದು ಬರುವ ಅಬ್ಬರ. ತಡವಾಗಿ ಬರುವುದು, ಬಂದ ಮೇಲೆ ರಂಗ ನಡುಗಿಸುವುದು. ಇದು ಕಾರ್ಡಿಗೆ ಹೇಳಿ ಮಾಡಿಸಿದ ಗುಣ! ಮ್ಯಾಜಿಕ್‌ನಲ್ಲಿ ರಾಕ್ಷಸ ಅಂದರೆ ಬೆಕ್ಕಿನ ತಲೆಯ ಪಿಶಾಚಿ. ನಮ್ಮವರು ಯಾರಾದರೂ ಸರಿಯಾದ ರಾಕ್ಷಸ ಡೆಕ್ ಮಾಡಬಾರದಾ? ಕಂಬಳದ ಕೋಣಗಳ ಡೆಕ್ ಮಾಡಿ. ಜೋಡಿ ಕೋಣಕ್ಕೆ ಎರಡು ನಾಯಕರನ್ನು ಒಟ್ಟಿಗೆ ಇಡುವ ಪಾರ್ಟ್ನರ್ ನಿಯಮ ಉಂಟು. ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಅಂತ ವಿಭಾಗಗಳೂ ತಯಾರಿವೆ. ದೀಪಾವಳಿಯ ರಾತ್ರಿ ಇದನ್ನೆಲ್ಲ ಭಾವನಿಗೆ ಹೇಳಿದೆ. "ಅದಕ್ಕೆಲ್ಲ ಮಾರ್ಕೆಟ್ ಇಲ್ಲ. ಈಗ ಓಡುದು ದೈವ" ಅಂದ. ಅಷ್ಟೇ ವಿಷಯ. ಸಂಸ್ಕೃತಿ ಪ್ರಚಾರ ಅಂತ ಶುರುವಾದ ಮಾತು ಅಲ್ಲಿಗೆ ಬಂದು ನಿಂತಿತು.

"ತುಳು ನಾಟಕದಲ್ಲಿ ದೈವ ಬರುದಿಲ್ವಾ? ಶಿವದೂತ ಗುಳಿಗೆ ನೋಡಿ ನೀನೇ ಚಪ್ಪಾಳೆ ಹೊಡೆದದ್ದು" ಅಂತಲೂ ಕೇಳಿದ. ಹೌದು, ಹೊಡೆದೆ. ನಾಟಕದಲ್ಲಿ ದೈವಕ್ಕೆ ಕತೆ ಉಂಟು, ಮಾತು ಉಂಟು. ಮಾತು ಕೊಟ್ಟರೆ ದೈವ ದೈವವಾಗಿಯೇ ಉಳೀತದೆ, ಆರಕ್ಕೆ ಆರು ಅಂತ ನಂಬರ್ ಕೊಟ್ಟರೆ ಉಳಿಯುದಿಲ್ಲ. ನಾಟಕದ ಎಲ್ಲವೂ ಸರಿ ಅಂತ ನನ್ನ ವಾದ ಅಲ್ಲ, ಅದು ಬೇರೆ ಜಗಳ, ಬೇರೆ ದಿನ.

ಕೊನೆಯದು ನನಗೆ ಹೇಳಲಿಕ್ಕೆ ಕಷ್ಟ. ಮ್ಯಾಜಿಕ್ ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಚಿತ್ರ ಬರೆದವರ ಹೆಸರು ಇರ್ತದೆ, 1993ರ ಮೊದಲ ಸೆಟ್ಟಿನಿಂದಲೂ. ನಮ್ಮ ಪ್ರಾಕ್ಸಿಯಲ್ಲಿ ಆ ಜಾಗದಲ್ಲಿ ಭಾವ ತನ್ನ ಹೆಸರು ಹಾಕಿದ್ದ. ಎರಡು ರಾತ್ರಿ ಕೂತು ಮಾಡಿದ್ದಾನೆ, ಹಾಕಿದ್ದು ತಪ್ಪಲ್ಲ. ಆದರೆ ಆ ಮುಖದ ಮೇಲಿನ ಒಂದೊಂದು ಗೆರೆಯನ್ನೂ ಕನ್ನಡಿ ಹಿಡಿದು ಬರೆದದ್ದು ಯಾರು? ಎಣ್ಣೆಬೂಳ್ಯ ತಗೊಂಡು, ರಾತ್ರಿ ಇಡೀ ಗಗ್ಗರ ಕಟ್ಟಿ ಕುಣಿದದ್ದು ಯಾರು? ದೈವ ಕಟ್ಟುವವರು ಪಂಬದರು, ಪರವರು, ನಲಿಕೆಯವರು. ತಲೆತಲಾಂತರದಿಂದ ಅವರ ಮೈಯಲ್ಲಿ ಉಳಿದು ಬಂದ ವಿದ್ಯೆ ಅದು. ರಾತ್ರಿ ನಮ್ಮ ಮನೆಯ ಹಿರಿಯರು ಅವರ ಎದುರು ಕೈಮುಗಿದು ನಿಲ್ಲುತ್ತಾರೆ. ಬೆಳಿಗ್ಗೆ ಬಣ್ಣ ತೊಳೆದ ಮೇಲೆ ಅದೇ ಹಿರಿಯರು ಅದೇ ಮನುಷ್ಯನನ್ನು ಏಕವಚನದಲ್ಲಿ ಕರೀತಾರೆ, ಚಾ ಅಂಗಳದಲ್ಲೇ. ಇದು ನಾನು ಚಿಕ್ಕಂದಿನಿಂದ ನೋಡಿದ್ದು. ನೋಡಿ ಸುಮ್ಮನಿದ್ದದ್ದು ಕೂಡ.

2022ರ ಅಕ್ಟೋಬರಿನಲ್ಲಿ, ಆ ಸಿನೆಮಾ ಓಡ್ತಾ ಇರುವಾಗ, ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಅಂತ ರಾಜ್ಯ ಸರಕಾರ ಘೋಷಣೆ ಮಾಡಿತ್ತು. ನಾನು ಕೊಂಡ ಕೊನೆಯ ರೆಡಿಮೇಡ್ ಡೆಕ್‌ಗೆ ಅದರ ಎರಡರಷ್ಟು ಕೊಟ್ಟಿದ್ದೇನೆ. ಇದನ್ನು ಬರೆದು ನನಗೆ ನಾಚಿಕೆ ಆಗ್ತಾ ಉಂಟು, ಆದರೂ ಅಳಿಸುದಿಲ್ಲ. ಭಾವನ ಲೆಕ್ಕದ ಹಾಳೆಯಲ್ಲಿ ಪ್ರಿಂಟಿಂಗ್ ಇತ್ತು, ಕೊರಿಯರ್ ಇತ್ತು, ಡಬ್ಬಿಯ ಖರ್ಚಿತ್ತು, ಲಾಭದಲ್ಲಿ ನನ್ನ ಪಾಲೂ ಇತ್ತು. ದೈವ ಕಟ್ಟುವವರ ಒಂದು ಕಾಲಂ ಇರಲಿಲ್ಲ. ಕೇಳಿದೆ. "ಫೋಟೋ ನೀನು ತೆಗೆದದ್ದಲ್ವಾ?" ಅಂದ.

ಹೊರಗಿನವರೇ ನಮಗಿಂತ ಹುಷಾರು ಅಂತ ಕಾಣ್ತದೆ. ಕಂಪೆನಿ 2016ರಲ್ಲಿ ಭಾರತದ ಛಾಯೆ ಇರುವ ಒಂದು ಲೋಕಕ್ಕೆ ಕಾಲದೇಶ್ ಅಂತ ಹೆಸರಿಟ್ಟಿತ್ತು. ಹಿಂದಿಯವರ ಕಿವಿಗೆ ಅದು "ಕಪ್ಪು ದೇಶ" ಅಂತ ಕೇಳ್ತದೆ ಅಂತ ಗೊತ್ತಾಗಿ 2024ರಲ್ಲಿ ಆವಿಷ್ಕಾರ್ ಅಂತ ಬದಲಿಸಿದರು. ನಾಗ ಅಂತ ಒಂದು ಕ್ರೀಚರ್ ಜಾತಿ ಇತ್ತು, ಅದನ್ನು ತೆಗೆದು ಹಾವಿನ ಜಾತಿಗೆ ಸೇರಿಸಿದರು. ನಾಗಬನ ಇರುವ ಮನೆಯವರಿಗೆ ನಾಗ ಬೇರೆ, ಹಾವು ಬೇರೆ ಅಂತ ವಿವರಿಸಬೇಕಾ? ಅವರು ವ್ಯಾಪಾರಕ್ಕೇ ಮಾಡಿರಬಹುದು, ಇರಲಿ. ಸಾವಿರಾರು ಮೈಲು ದೂರ ಕೂತವರು ಶಬ್ದ ಬಳಸುವ ಮೊದಲು ಎರಡು ಸಲ ಯೋಚಿಸ್ತಾರೆ. ಕೋಲದ ಅನ್ನ ಉಂಡು ಬೆಳೆದ ನಾವು ನಮ್ಮದೇ ತಾನೇ ಅಂತ ಯೋಚಿಸುದೇ ಇಲ್ಲ.

ಭಾವನ ಅಡ್ವಾನ್ಸ್ ವಾಪಸ್ ಬರಲಿಲ್ಲ. ಅರ್ಧ ನಾನು ಕೊಡ್ತೇನೆ ಅಂತ ಹೇಳಿ ಕಳಿಸಿದ್ದೆ. ಬೇಡ ಅಂದನಂತೆ. ಅತ್ತೆ ಅಮ್ಮನಿಗೆ ಫೋನ್ ಮಾಡಿ, ನಿಮ್ಮ ಮಗ ಹೀಗೆ ಮಾಡಬಾರದಿತ್ತು ಅಂದರಂತೆ. ಇರಬಹುದು. ಮೊದಲೇ, 2023ರಲ್ಲೇ ಬಾಯಿ ಬಿಟ್ಟು ಹೇಳಿದ್ದರೆ ಅವನ ದುಡ್ಡು ಉಳೀತಿತ್ತು. ಆ ತಪ್ಪು ನನ್ನದೇ.

ಹಂದಿ ಡೆಕ್ ನಾನು ಬಿಚ್ಚಲಿಲ್ಲ. ಪ್ರಿಂಟುಗಳನ್ನು ತೆಗೆದು ಅಸಲಿ ಕಾರ್ಡು ವಾಪಸ್ ಹಾಕಿದೆ. ಈಗ ಅದು ಬರೀ ಕಾಡುಹಂದಿ. ಬೆಳ್ತಂಗಡಿ ಕಡೆಯ ಕೃಷಿಕರನ್ನು ಕೇಳಿ, ಒಂದೇ ರಾತ್ರಿಯಲ್ಲಿ ಗದ್ದೆಗೆ ನುಗ್ಗಿ ಎಲ್ಲ ಮಗುಚಿ ಹಾಕಿ ಹೋಗುವ ಪ್ರಾಣಿ. ಇಲ್ಹಾರ್ಗ್ ಮಾಡುವುದೂ ಅದನ್ನೇ. ತಂಗಿ ಎಷ್ಟು ಬೇಕಾದರೂ ಬಲಿ ಕೊಡಲಿ, ಅಜ್ಜಿ ತಲೆ ಎತ್ತುದಿಲ್ಲ.

ಆ ಹನ್ನೆರಡು ಪ್ರಿಂಟುಗಳು ಮಾತ್ರ ಒಂದು ಕವರಿನಲ್ಲಿ, ನನ್ನ ಡಿಗ್ರಿ ಸರ್ಟಿಫಿಕೇಟಿನ ಫೈಲಿನ ಅಡಿಯಲ್ಲಿ ಇವೆ. ಕಸಕ್ಕೆ ಹಾಕಲಿಕ್ಕೆ ಕೈ ಬರುದಿಲ್ಲ, ಇಟ್ಟುಕೊಳ್ಳಲಿಕ್ಕೆ ಮನಸ್ಸಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇಂಥದ್ದಕ್ಕೆ ದಾರಿ ಗೊತ್ತಿದ್ದರೆ ಹೇಳಿ. ಈ ವರ್ಷದ ಕೋಲಕ್ಕೆ ಊರಿಗೆ ಹೋಗ್ತೇನೆ. ಕಟ್ಟುವವರ ಹತ್ತಿರ ಹೆಸರು ಹಿಡಿದು ಮಾತಾಡಿ, ಫೋಟೋ ತೋರಿಸಿ, ಎಂತ ಮಾಡಲಿ ಅಂತ ಅವರನ್ನೇ ಕೇಳಬೇಕು ಅಂತಿದ್ದೇನೆ. ಬೈದರೆ ಬೈಸಿಕೊಳ್ಳುವುದು.

ಚೌತಿಗೆ ಮತ್ತೆ ಚಾಪೆ ಹಾಕ್ತೇವೆ. ಮೂರು ಜನ ಇದ್ದೇವೆ. ಭಾವ, ನೀನು ಇದನ್ನು ಓದ್ತಿ ಅಂತ ನನಗೆ ಗೊತ್ತು. ನಿನ್ನ ಜಾಗಕ್ಕೆ ಬೇರೆ ಯಾರನ್ನೂ ಕರೆಯಲಿಲ್ಲ.